ಹೊಂಗಡಹಳ್ಳದ ಏರಿನಲ್ಲಿ ಒಂದು ಹಳೆಯ ಕಾರು

ಹಾಸನದಿಂದ ಪಶ್ಚಿಮಕ್ಕೆ ಹೊರಟ ಪ್ರಯಾಣಿಕರಿಗೆ ಮಲೆನಾಡು ಒಮ್ಮೆಲೇ ಎದುರಾಗುವುದಿಲ್ಲ. ಆಲೂರನ್ನು ದಾಟುವವರೆಗೆ ನೆಲ ಹೆಚ್ಚುಕಡಿಮೆ ಬಯಲೇ. ಬಾಳ್ಳುಪೇಟೆಯ ಹೊತ್ತಿಗೆ ರಸ್ತೆ ಅಲೆಅಲೆಯಾಗಿ ಏಳಲಾರಂಭಿಸುತ್ತದೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳೂ ಅವುಗಳ ನೆರಳಿನ ಕಾಫಿ ಗಿಡಗಳೂ ಕಣ್ಣಿಗೆ ಬೀಳತೊಡಗುತ್ತವೆ. ಸುಮಾರು 40 ಕಿಲೋಮೀಟರು ಸಾಗಿ ಹೇಮಾವತಿಯ ದಡದ ಸಕಲೇಶಪುರವನ್ನು ಸೇರಿದಾಗ ಬೀಸುವ ಗಾಳಿಯೇ ಬೇರೆ. ಮುಂದೆ ಹೆದ್ದಾರಿಯಲ್ಲಿಯೇ ಹೋದರೆ ಟಿಪ್ಪು ಸುಲ್ತಾನನ ಕಾಲದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯೂ ಅದರಾಚೆ ಶಿರಾಡಿ ಘಾಟಿಯೂ ಸಿಗುತ್ತವೆ. ಆದರೆ ನಾವು ಹೇಳಹೊರಟಿರುವುದು ಹೆದ್ದಾರಿಯನ್ನು ಬಿಟ್ಟು ದಕ್ಷಿಣದ ಬೆಟ್ಟಗಳ ನಡುವೆ ನುಸುಳುವ ಕಿರುದಾರಿಯ ಮಾತನ್ನು. ಆ ಕಡೆಯ ಹೊಂಗಡಹಳ್ಳವೆಂಬ ಊರಿನ ಮಾತನ್ನು. ಜೊತೆಗೆ ಆ ಊರಿನ ಏರಿನಲ್ಲಿ ಮುನಿಸಿಕೊಂಡು ನಿಂತ ಒಂದು ಹಳೆಯ ಕಾರಿನ ಮಾತನ್ನು.

ಹೊಂಗಡಹಳ್ಳ ಘಟ್ಟದ ಅಂಚಿನ ಊರು. ಹೆಸರಿನಲ್ಲಿಯೇ ಹಳ್ಳವಿದೆ. ಇಲ್ಲಿಯ ನೀರು ಪಶ್ಚಿಮಕ್ಕೆ ಇಳಿದು ಗುಂಡ್ಯದ ಹೊಳೆಯನ್ನು ಸೇರಿ, ಕುಮಾರಧಾರೆಯ ಪಾಲಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆತು ಅರಬ್ಬಿ ಸಮುದ್ರವನ್ನು ಮುಟ್ಟುತ್ತದೆ. ಪತ್ರಿಕೆ ಓದುವವರಿಗೆ ಈ ಹೆಸರು ಅಪರಿಚಿತವೇನಲ್ಲ. ಪೂರ್ವದ ಬರದ ಜಿಲ್ಲೆಗಳಿಗೆ ನೀರು ಒಯ್ಯುವ ಎತ್ತಿನಹೊಳೆ ಯೋಜನೆಯಲ್ಲಿ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆಗಳ ಜೊತೆಗೆ ಹೊಂಗಡಹಳ್ಳವೂ ಸೇರಿದೆ. ಆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿಯೇ ಚಾಲನೆ ದೊರೆಯಿತು. ಇವೆಲ್ಲ ದೊಡ್ಡ ವಿಷಯಗಳು. ನಮ್ಮನ್ನು ಅಲ್ಲಿಗೆ ಕರೆಸಿಕೊಂಡ ವಿಷಯ ಮಾತ್ರ ಚಿಕ್ಕದು. ಆದರೆ ಒಂದು ಮನೆಯ ಮಟ್ಟಿಗೆ ಅದು ಚಿಕ್ಕದಾಗಿರಲಿಲ್ಲ.

ಭಾವನವರ ಕರೆ

ನಮ್ಮ ಅಕ್ಕನನ್ನು ಕೊಟ್ಟ ಮನೆ ಹೊಂಗಡಹಳ್ಳದ ಆಸುಪಾಸಿನಲ್ಲಿದೆ. ಭಾವನವರಿಗೆ ಈಗ ಎಪ್ಪತ್ತಾರು ವರ್ಷ. ಕೆಲವು ಎಕರೆ ರೊಬಸ್ಟಾ, ಅದರ ನಡುವೆ ಮೆಣಸು, ಮನೆಯ ಮುಂದೆ ಕಾಫಿ ಒಣಗಿಸುವ ಕಣ. 2004ರಲ್ಲಿ ತೋಟದಲ್ಲಿ ಮರಗಸಿ ಮಾಡಿಸುತ್ತಿದ್ದಾಗ ಬಿದ್ದು ಅವರ ಎಡಮೊಣಕಾಲು ಮುರಿಯಿತು. ಶಸ್ತ್ರಚಿಕಿತ್ಸೆಯಾದರೂ ಆ ಕಾಲು ಪೂರ್ತಿ ಮಡಚಲು ಬರಲಿಲ್ಲ. ಜೀಪು ಓಡಿಸುತ್ತಿದ್ದವರಿಗೆ ಕ್ಲಚ್ ತುಳಿಯುವುದು ಅಸಾಧ್ಯವಾಯಿತು. ಆಗ ಅವರು ವಿಚಾರ ಮಾಡಿ, 2006ರಲ್ಲಿ, ಎಡಗಾಲಿಗೆ ಕೆಲಸವೇ ಇಲ್ಲದ ಆಟೋಮ್ಯಾಟಿಕ್ ಗೇರಿನ ಕಾರೊಂದನ್ನು ಕೊಂಡರು. ಅಂದಿನಿಂದ ಸಕಲೇಶಪುರದ ಸಂತೆ, ಬ್ಯಾಂಕು, ಆಸ್ಪತ್ರೆ, ನೆಂಟರ ಮದುವೆ ಎಲ್ಲಕ್ಕೂ ಅದೇ ಕಾರು. ಹದಿನೈದು ವರ್ಷ ತುಂಬಿದ ಮೇಲೆ ಸಾರಿಗೆ ಕಚೇರಿಯಲ್ಲಿ ತಪಾಸಣೆ ಮಾಡಿಸಿ ನೋಂದಣಿಯನ್ನು ನವೀಕರಿಸಿಕೊಂಡೂ ಆಗಿತ್ತು.

ಕಳೆದ ಡಿಸೆಂಬರಿನಲ್ಲಿ ಭಾವನವರು ಫೋನು ಮಾಡಿದರು. "ಗಾಡಿ ಏರಿನಲ್ಲಿ ಒದೀತಾ ಇದೆಯಪ್ಪ. ಹಿಂದಿನಿಂದ ಯಾರೋ ಒದ್ದ ಹಾಗೆ. ನಗರದ ಗ್ಯಾರೇಜಿನವರು ಗೇರ್ ಬಾಕ್ಸೇ ಹೋಗಿದೆ, ಒಂದು ಲಕ್ಷದ ಮೂವತ್ತೈದು ಸಾವಿರ ಆಗುತ್ತೆ ಅಂದರು. ಮಗ ಗುಜರಿಗೆ ಹಾಕಿ ಅಂತಾನೆ. ನೀನೊಂದು ಸಲ ಬಂದು ನೋಡು" ಎಂದರು.

ನಾವು ಮೂವತ್ತು ವರ್ಷ ಐ.ಟಿ.ಐ.ಯಲ್ಲಿ ಮೋಟಾರ್ ಮೆಕ್ಯಾನಿಕ್ ತರಗತಿಗೆ ಪಾಠ ಹೇಳಿ ನಿವೃತ್ತರಾದವರು. ಆದರೆ ನಮ್ಮ ಕೈ ಪಳಗಿರುವುದು ಕ್ಲಚ್ ಇರುವ ಗಾಡಿಗಳಲ್ಲಿ. ಆಟೋಮ್ಯಾಟಿಕ್ ಗೇರನ್ನು ನಾವು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದೇ ಹೆಚ್ಚು. ಆದರೂ ಹಿರಿಯರು ಕರೆದಾಗ ಹೋಗದಿರಲಾಗದು. ಶ್ರೀಮತಿಯವರೊಡನೆ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹೊರಟೆವು.

ಸಂಜೆಯ ದಾರಿ

ಬಸ್ ನಿಲ್ದಾಣಕ್ಕೆ ಭಾವನವರೂ ಅಕ್ಕನೂ ಕಾರಿನಲ್ಲಿಯೇ ಬಂದಿದ್ದರು. ಪೇಟೆಯ ಕೆಲಸ ಮುಗಿಸಿ ಹೊರಟಾಗ ನಾಲ್ಕೂವರೆ. ನಾವು ಮುಂದಿನ ಸೀಟಿನಲ್ಲಿ ಕುಳಿತು, ಪ್ರಶ್ನೆ ಕೇಳದೆ, ಕಾರು ನಡೆಯುವ ರೀತಿಯನ್ನು ಮಾತ್ರ ಗಮನಿಸತೊಡಗಿದೆವು. ವೈದ್ಯರು ರೋಗಿಯ ನಡಿಗೆಯನ್ನು ಬಾಗಿಲಿನಲ್ಲಿಯೇ ನೋಡುತ್ತಾರಲ್ಲವೆ?

ಮೊದಲ ಎಂಟು ಹತ್ತು ಕಿಲೋಮೀಟರು ಯಾವ ದೋಷವೂ ಕಾಣಲಿಲ್ಲ. ಒಂದನೆಯ ಗೇರಿನಿಂದ ಎರಡು, ಎರಡರಿಂದ ಮೂರು, ಬದಲಾದದ್ದೇ ತಿಳಿಯದಷ್ಟು ನಯ. ಏರು ಹೆಚ್ಚಿದಂತೆ ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ನಿನ ಸದ್ದು ಒಂದು ಕ್ಷಣ ಮೇಲೆದ್ದು, ಎಳೆತ ಮಾತ್ರ ಇಲ್ಲದೆ ಹೋಯಿತು. ತೀಕ್ಷ್ಣವಾದ ತಿರುವುಗಳಲ್ಲಿ ಇದು ಇನ್ನೂ ಸ್ಪಷ್ಟ. ಮುಂದೆ ಡಾಂಬರು ಕಿತ್ತುಹೋದ ಒಂದು ಜಾಗದಲ್ಲಿ ಕಾರು ಕುಲುಕಿತು. ಆ ಕುಲುಕಿನ ನಂತರದ ಮೊದಲ ಗೇರು ಬದಲಾವಣೆಯಲ್ಲಿಯೇ ಭಾವನವರು ಹೇಳಿದ ಒದೆತ ಬಂದಿತು. ನಮ್ಮ ಕತ್ತು ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಅಕ್ಕನ ಮಡಿಲಿನಿಂದ ಹಣ್ಣಿನ ಚೀಲ ಉರುಳಿತು.

ಇನ್ನೂ ಒಂದು ಮೈಲಿ ಹೋಗುವಷ್ಟರಲ್ಲಿ ಮೀಟರಿನ ಬಳಿ ಒಂದು ದೀಪ ಮಿಣುಕತೊಡಗಿತು. ಕಾರು ಮೂರನೆಯ ಗೇರಿನಲ್ಲಿಯೇ ಸಿಕ್ಕಿಕೊಂಡಂತಾಗಿ, ಏರಿನಲ್ಲಿ ಏದುಸಿರು ಬಿಡುತ್ತ, ಕಡೆಗೆ ನಿಂತೇಬಿಟ್ಟಿತು. ಆಚೆ ಈಚೆ ತೋಟ. ಮಂಜು ಇಳಿಯುವ ಹೊತ್ತು. ಆಗಲೇ ಅಕ್ಕನ ಮೊಬೈಲಿಗೆ ಆನೆಗಳು ಯಾವ ಕಡೆ ಸಂಚರಿಸುತ್ತಿವೆ ಎಂಬ ಸಂದೇಶ ಬಂದಿತು. ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಸಂಜೆಯ ಮೇಲೆ ಇಂತಹ ಸಂದೇಶಗಳನ್ನು ನೋಡದೆ ಯಾರೂ ಮನೆಯಿಂದ ಹೊರಡುವುದಿಲ್ಲ. ಹಿಂಡು ನಮ್ಮ ದಾರಿಯಿಂದ ಬಹಳ ದೂರವೇನೂ ಇರಲಿಲ್ಲ.

ಭಾವನವರು ಗಾಬರಿಯಾಗಲಿಲ್ಲ. ಗೇರಿನ ಕೋಲನ್ನು 'ಪಿ'ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ನಿಲ್ಲಿಸಿ, ಐದು ನಿಮಿಷ ಸುಮ್ಮನೆ ಕುಳಿತರು. ಮತ್ತೆ ಚಾಲೂ ಮಾಡಿದಾಗ ದೀಪ ಆರಿತ್ತು. ಮನೆ ಸೇರುವವರೆಗೆ ಯಾರೂ ಹೆಚ್ಚು ಮಾತನಾಡಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅಕ್ಕ ಹೇಳಿದ್ದಿಷ್ಟು: "ಇವರು ಇನ್ನೊಬ್ಬರ ಗಾಡಿಗೆ ಕಾಯೋ ಮನುಷ್ಯರಲ್ಲ, ತಮ್ಮಾ. ಬಸ್ಸಿನ ಹೊತ್ತಿಗೆ ನಮ್ಮ ಕಾಯಿಲೆ ಕಸಾಲೆ ಬರೋದಿಲ್ಲ. ಈ ಕಾರು ಹೋದರೆ ನಾವು ಬೆಂಗಳೂರಿಗೆ ಮಗನ ಮನೆಗೆ ಹೋಗಿ ಕೂರೋದೇ. ಆಮೇಲೆ ತೋಟ ನೋಡೋರು ಯಾರು?"

ನಮಗೆ ಆಗ ಅರ್ಥವಾಯಿತು, ಭಾವನವರು ನಮ್ಮನ್ನು ಕರೆಸಿದ್ದು ಬರಿಯ ಗೇರ್ ಬಾಕ್ಸಿನ ವಿಚಾರಕ್ಕಲ್ಲ.

ಎಡಗಾಲಿನ ಕೆಲಸವನ್ನು ಎಣ್ಣೆ ಮಾಡುವ ಬಗೆ

ಓದುಗರಲ್ಲಿ ಅನೇಕರ ಮನೆಯಲ್ಲಿ ಈಗ ಆಟೋಮ್ಯಾಟಿಕ್ ಕಾರುಗಳಿರುವುದರಿಂದ, ಅದು ನಡೆಯುವ ಬಗೆಯನ್ನು ಸಂಕ್ಷೇಪವಾಗಿ ಹೇಳುವುದು ಅಪ್ರಸ್ತುತವಾಗಲಾರದು. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿಗೂ ಗೇರಿಗೂ ಇರುವ ಸಂಬಂಧವನ್ನು ಬಿಡಿಸುವುದೂ ಕೂಡಿಸುವುದೂ ನಮ್ಮ ಎಡಗಾಲು. ಭಾವನವರ ಕಾರಿನಂತಹ ಹಳೆಯ ಬಗೆಯ ಆಟೋಮ್ಯಾಟಿಕ್‌ನಲ್ಲಿ ಆ ಕೆಲಸ ಎಣ್ಣೆಯದು. ಎರಡು ಫ್ಯಾನುಗಳನ್ನು ಎದುರುಬದುರಾಗಿಟ್ಟು ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆಯನ್ನು ತುಂಬಿದರೆ ಅದೇ ಟಾರ್ಕ್ ಕನ್ವರ್ಟರಿನ ಮೂಲತತ್ತ್ವ. ಇದನ್ನು ಮೊದಲು ರೂಪಿಸಿದವರು ಜರ್ಮನಿಯ ಎಂಜಿನಿಯರ್ ಹರ್ಮನ್ ಫೋಟಿಂಗರ್. 1905ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ತಾನೇ ಗೇರು ಬದಲಿಸಿಕೊಳ್ಳುವ ಕಾರನ್ನು ಜನಸಾಮಾನ್ಯರಿಗೆ ಮಾರಲು ತೊಡಗಿದ್ದು 1939ರಲ್ಲಿ. ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಝೆನ್, ಎಸ್ಟೀಮ್ ಕಾರುಗಳ ಆಟೋಮ್ಯಾಟಿಕ್ ಮಾದರಿಗಳು ಬಂದವಾದರೂ ಕೊಂಡವರು ಕಡಿಮೆ. 2014ರಲ್ಲಿ ಬಂದ ಸೆಲೆರಿಯೊದಿಂದ ಈಚೆಗೆ ಅಗ್ಗದ ಎ.ಎಂ.ಟಿ. ಕಾರುಗಳು ಮನೆಮಾತಾದವು. ಎ.ಎಂ.ಟಿ.ಯಲ್ಲಿ ಇರುವುದು ಸಾಮಾನ್ಯ ಕ್ಲಚ್ಚೇ. ಅದನ್ನು ತುಳಿಯುವುದು ಮಾತ್ರ ಯಂತ್ರ. ಸಿ.ವಿ.ಟಿ.ಯಲ್ಲಿ ಗೇರುಗಳ ಬದಲು ಉಕ್ಕಿನ ಪಟ್ಟಿಯಿರುತ್ತದೆ. ಆದುದರಿಂದ ಒಂದರ ಔಷಧ ಇನ್ನೊಂದಕ್ಕೆ ಹೊಂದುವುದಿಲ್ಲ. ನಾವಿಲ್ಲಿ ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಕಾರಿನ ವಿಷಯ.

ಈ ಪೆಟ್ಟಿಗೆಯೊಳಗೆ ಎಣ್ಣೆಗೆ ನಾಲ್ಕು ಕೆಲಸ. ಎಂಜಿನ್ನಿನ ಶಕ್ತಿಯನ್ನು ದಾಟಿಸುವುದು, ಒತ್ತಡದಿಂದ ಒಳಗಿನ ಕ್ಲಚ್ ಬಿಲ್ಲೆಗಳನ್ನು ಹಿಡಿದು ಗೇರು ಹಾಕುವುದು, ಸವೆತವನ್ನು ತಡೆಯುವುದು, ಬಿಸಿಯನ್ನು ಹೊರಕ್ಕೆ ಒಯ್ಯುವುದು. ಯಾವ ಗೇರಿಗೆ ಎಷ್ಟು ಒತ್ತಡ ಬೇಕೆಂಬುದನ್ನು ಒಂದು ಪುಟ್ಟ ಕಂಪ್ಯೂಟರು ತೀರ್ಮಾನಿಸಿ, ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಗಳಿಗೆ ತಂತಿಯ ಮೂಲಕ ಆಜ್ಞೆ ಕಳಿಸುತ್ತದೆ. ಹಾಗಾದರೆ ಗೇರು ಒರಟಾಗಿ ಬಿದ್ದಾಗ ಸಂಶಯ ಪಡಬೇಕಾದದ್ದು ಮೂರನ್ನು: ಎಣ್ಣೆಯನ್ನು, ಆಜ್ಞೆಯನ್ನು, ಬಿಲ್ಲೆಗಳನ್ನು. ಮೊದಲ ಎರಡನ್ನು ಪೆಟ್ಟಿಗೆ ಬಿಚ್ಚದೆಯೇ ಪರೀಕ್ಷಿಸಬಹುದು. ಕೊನೆಯದಕ್ಕೆ ಮಾತ್ರ ಬಿಚ್ಚಬೇಕು. ಆದುದರಿಂದ ಬಿಚ್ಚುವುದು ಯಾವಾಗಲೂ ಕೊನೆಯ ಮಾತಾಗಬೇಕು.

ಬಿಳಿಯ ಬಟ್ಟೆಯ ಸಾಕ್ಷಿ

ಮರುದಿನ ಬೆಳಿಗ್ಗೆ ಮಂಜು ಕರಗುವ ಮುನ್ನವೇ ನಾವು ಎಣ್ಣೆಯ ಪರೀಕ್ಷೆಗೆ ತೊಡಗಿದೆವು. ಕಾರನ್ನು ಕಣದ ಸಮತಟ್ಟಾದ ಜಾಗಕ್ಕೆ ತಂದು, ಹತ್ತು ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ, ಬ್ರೇಕ್ ತುಳಿದುಕೊಂಡೇ ಗೇರಿನ ಕೋಲನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ಮರಳಿ 'ಪಿ'ಗೆ ತಂದೆವು. ಕೆಲವು ಕಾರುಗಳಲ್ಲಿ ಎಂಜಿನ್ ನಡೆಯುತ್ತಿರುವಾಗಲೇ ಅಳತೆ ಕಡ್ಡಿಯನ್ನು ನೋಡಬೇಕು. ಕೆಲವು ಕಾರುಗಳಲ್ಲಿ ನಿಲ್ಲಿಸಿದ ಒಂದೂವರೆ ನಿಮಿಷದೊಳಗೆ ನೋಡಬೇಕು. ಕಾರಿನ ಜೊತೆ ಕೊಟ್ಟ ಪುಸ್ತಕ ಹೇಳಿದಂತೆ ಮಾಡುವುದೇ ಕ್ಷೇಮ. ಕಡ್ಡಿಯೇ ಇಲ್ಲದ ಕಾರುಗಳೂ ಇವೆ. ಅವನ್ನು ಗ್ಯಾರೇಜಿನಲ್ಲಿಯೇ ನೋಡಿಸಬೇಕು.

ಅಕ್ಕನಿಂದ ಹಳೆಯ ಬಿಳಿ ಪಂಚೆಯ ತುಂಡೊಂದನ್ನು ಕೇಳಿ ಪಡೆದು ಕಡ್ಡಿಯನ್ನು ಅದರ ಮೇಲೆ ಒರೆಸಿದೆವು. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪಗೆ, ತಿಳಿಯಾಗಿರುತ್ತದೆ. ವಯಸ್ಸಾದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಿಲ್ಲೆಗಳು ಉರಿದಿವೆ ಎಂದು ತಿಳಿಯಬೇಕು. ಹಾಲು ಬೆರೆಸಿದಂತೆ ನಸುಗೆಂಪಾಗಿದ್ದರೆ ರೇಡಿಯೇಟರಿನಿಂದ ನೀರು ಸೇರಿದೆ ಎಂದರ್ಥ. ಆಗ ಕಾರನ್ನು ಒಂದು ಮಾರು ದೂರವೂ ಓಡಿಸಬಾರದು. ಭಾವನವರ ಕಾರಿನ ಎಣ್ಣೆ ಹಳೆಯ ಕಷಾಯದ ಬಣ್ಣಕ್ಕೆ ಬಂದಿತ್ತು. ಆದರೆ ಸುಟ್ಟ ವಾಸನೆಯಿರಲಿಲ್ಲ. ಮಟ್ಟವಂತೂ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ.

"ಈ ಎಣ್ಣೆ ಯಾವಾಗ ಬದಲಾಯಿಸಿದ್ದು, ಭಾವ?" ಎಂದು ಕೇಳಿದೆವು.

"ಅದನ್ನೂ ಬದಲಾಯಿಸಬೇಕಾ? ಎಂಜಿನ್ ಆಯಿಲ್ ವರ್ಷ ವರ್ಷ ತಪ್ಪಿಸಿಲ್ಲ. ಗೇರಿಂದು ಗಾಡಿ ಇರೋವರೆಗೂ ಇರುತ್ತೆ ಅಂತ ಯಾರೋ ಹೇಳಿದ್ದರು" ಎಂದರು.

ತಪ್ಪು ಅವರೊಬ್ಬರದಲ್ಲ. ಜೀವಮಾನದ ಎಣ್ಣೆ ಎಂಬ ಮಾತು ಬಹಳ ಮನೆಗಳಲ್ಲಿ ನಿಂತುಬಿಟ್ಟಿದೆ. ಬಯಲಿನಲ್ಲಿ ಹದವಾಗಿ ಓಡುವ ಕಾರಿನಲ್ಲಿ ಆ ಎಣ್ಣೆ ದೀರ್ಘಕಾಲ ಬಾಳೀತು. ಆದರೆ ದಿನವೂ ಏರು ಇಳುಕಲು ಕಾಣುವ ಕಾರಿನಲ್ಲಿ ಟಾರ್ಕ್ ಕನ್ವರ್ಟರಿನೊಳಗೆ ಎಣ್ಣೆ ಕಡೆಯಲ್ಪಟ್ಟು ವಿಪರೀತ ಬಿಸಿಯಾಗುತ್ತದೆ. ಹದವಾದ ಬಿಸಿ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್. ಅದು 120ನ್ನು ಮೀರಿ ನಿಂತರೆ ಎಣ್ಣೆಯ ಆಯುಷ್ಯ ಬೇಗ ಕರಗುತ್ತದೆ. ಇಪ್ಪತ್ತು ವರ್ಷ ಘಟ್ಟದ ಅಂಚಿನಲ್ಲಿ ದುಡಿದ ಎಣ್ಣೆ ಅದು.

ಕಾರಿನ ಕೆಳಗೆ ಬಗ್ಗಿ ನೋಡಿದಾಗ ರೇಡಿಯೇಟರಿಗೆ ಹೋಗುವ ರಬ್ಬರ್ ಕೊಳವೆಯ ಕೊನೆಯಲ್ಲಿ ಎಣ್ಣೆಯ ಜಿನುಗು, ಅದಕ್ಕೆ ಅಂಟಿದ ಕೆಮ್ಮಣ್ಣು ಕಂಡಿತು. ತಿರುವಿನಲ್ಲಿಯೂ ಏರಿನಲ್ಲಿಯೂ ಎಂಜಿನ್ ಸುಮ್ಮನೆ ಅರಚಿದ್ದೇಕೆಂಬುದು ಇದರಿಂದ ತಿಳಿಯಿತು. ಮಟ್ಟ ತಗ್ಗಿದ ಎಣ್ಣೆ ಒಂದು ಪಕ್ಕಕ್ಕೆ ಸರಿದಾಗ ಪಂಪು ಗಾಳಿಯನ್ನು ಹೀರುತ್ತದೆ, ಒತ್ತಡ ಬೀಳುತ್ತದೆ, ಬಿಲ್ಲೆ ಹಿಡಿಯದೆ ಜಾರುತ್ತದೆ. ಆದರೆ ಒದೆತ? ಎಣ್ಣೆ ಕಡಿಮೆಯಾದರೆ ಹಿಡಿತ ಸಡಿಲವಾಗಬೇಕೇ ಹೊರತು ಇಷ್ಟು ಬಿರುಸಾಗಬಾರದು. ಮಿಣುಕಿದ ದೀಪ ಬೇರೆ ಏನನ್ನೋ ಹೇಳುತ್ತಿತ್ತು. ಅದನ್ನು ಓದುವ ಉಪಕರಣ ನಮ್ಮಲ್ಲಿರಲಿಲ್ಲ.

ಸಕಲೇಶಪುರದ ಮೇಸ್ತ್ರಿ

ಕೊಳವೆಯ ಕ್ಲಿಪ್ಪನ್ನು ಬಿಗಿಮಾಡಿ, ತಾತ್ಕಾಲಿಕವಾಗಿ ಅದೇ ಜಾತಿಯ ಎಣ್ಣೆಯನ್ನು ಪೇಟೆಯಿಂದ ತರಿಸಿ ಮಟ್ಟಕ್ಕೆ ತುಂಬಿ, ಮರುದಿನ ಹಗಲಿನಲ್ಲಿ ಮೆಲ್ಲಗೆ ಕಾರನ್ನು ಸಕಲೇಶಪುರಕ್ಕೆ ಇಳಿಸಿದೆವು. ಅಲ್ಲಿ ತಗಡಿನ ಚಾವಣಿಯ ಚಿಕ್ಕ ಗ್ಯಾರೇಜು. ಮೇಸ್ತ್ರಿಗೆ ಮೂವತ್ತೈದರ ಒಳಗಿನ ವಯಸ್ಸು. ನಗರದ ಗ್ಯಾರೇಜಿನವರು ಹೇಳಿದ್ದನ್ನು ಕೇಳಿ ಆತ ನಕ್ಕು, "ಬಾಕ್ಸ್ ಹೋಗಿದ್ದರೆ ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಹೇಗೆ ಸರಿಯಾಗಿರುತ್ತೆ ಸಾರ್? ಗುಂಡಿಗೆ ಬಿದ್ದ ಮೇಲೆಯೇ ಯಾಕೆ ಒದೆಯುತ್ತೆ?" ಎಂದ. ನಮ್ಮ ಮನಸ್ಸಿನಲ್ಲಿದ್ದ ಪ್ರಶ್ನೆಯೂ ಅದೇ.

ಸ್ಟೀರಿಂಗಿನ ಕೆಳಗಿನ ಕಿಂಡಿಗೆ ಸ್ಕ್ಯಾನರ್ ಚುಚ್ಚಿದಾಗ ಪಿ 0748 ಎಂಬ ಸಂಕೇತ ಬಂದಿತು. ಒತ್ತಡ ನಿಯಂತ್ರಿಸುವ ಸೊಲೆನಾಯ್ಡಿನ ವಿದ್ಯುತ್ ಸಂಪರ್ಕದಲ್ಲಿ ದೋಷವಿದೆ ಎಂಬುದು ಅದರ ಅರ್ಥ. ಇಲ್ಲಿಗೆ ಒದೆತದ ಗುಟ್ಟು ಬಿಟ್ಟಿತು. ಆ ಸಂಪರ್ಕ ತಪ್ಪಿದ ಕೂಡಲೇ ಕಂಪ್ಯೂಟರು ಬಿಲ್ಲೆಗಳು ಜಾರಿ ಸುಟ್ಟುಹೋಗದಿರಲೆಂದು ಎಣ್ಣೆಯ ಪೂರ್ಣ ಒತ್ತಡಕ್ಕೆ ಅವಕಾಶ ಕೊಡುತ್ತದೆ. ಪೂರ್ಣ ಒತ್ತಡದಲ್ಲಿ ಗೇರು ಬಿದ್ದರೆ ಅದು ಒದೆತವೇ. ದೋಷ ಮುಂದುವರಿದರೆ ಗೇರು ಬದಲಿಸುವುದನ್ನೇ ನಿಲ್ಲಿಸಿ ಒಂದೇ ಗೇರಿನಲ್ಲಿ ಮನೆಗೆ ಮುಟ್ಟಿಸಲು ಯತ್ನಿಸುತ್ತದೆ. ನಾವು ಕೇಡೆಂದು ಭಾವಿಸಿದ ಒರಟುತನ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳುವ ಎಚ್ಚರಿಕೆಯಾಗಿತ್ತು. ನಗರದಲ್ಲಿ ಒದೆತವನ್ನು ಕಂಡವರು ಅದರ ಕಾರಣವನ್ನು ಕೇಳಿರಲಿಲ್ಲ.

ಮೇಸ್ತ್ರಿ ಗೇರ್ ಬಾಕ್ಸಿನ ಬಳಿಯ ಕನೆಕ್ಟರನ್ನು ಬಿಚ್ಚಿ ಸೊಲೆನಾಯ್ಡನ್ನು ಮೀಟರಿನಿಂದ ಅಳೆದ. ಆ ಕಾರಿಗೆ ಇರಬೇಕಾದ ಸುಮಾರು 5 ಓಮ್, ಅಲುಗಾಡದೆ ನಿಂತಿತು. ಎಂದರೆ ಸೊಲೆನಾಯ್ಡ್ ಸರಿಯಾಗಿದೆ. ಕಂಪ್ಯೂಟರಿನ ಕಡೆಯಿಂದ, ತಂತಿಯನ್ನೂ ಸೇರಿಸಿ ಅಳೆದು, ತಂತಿಯ ಕಟ್ಟನ್ನು ಕೈಯಿಂದ ಅಲುಗಿಸಿದಾಗ ಮೀಟರಿನ ಅಂಕಿ ಕುಣಿಯತೊಡಗಿತು. ಬ್ಯಾಟರಿಯನ್ನೂ ಅದರ ತಟ್ಟೆಯನ್ನೂ ಎತ್ತಿದ ಮೇಲೆ ಅಪರಾಧಿಯ ಮನೆಯೇ ಸಿಕ್ಕಿತು. ಒಣ ಎಲೆ, ಹತ್ತಿ, ಗೋಣಿಯ ನಾರು ಸೇರಿಸಿ ಕಟ್ಟಿದ ಇಲಿಯ ಗೂಡು. ಅದರ ಪಕ್ಕದ ತಂತಿಯ ಹೊದಿಕೆಯನ್ನು ಇಲಿ ಕಡಿದಿತ್ತು. ಒಳಗಿನ ತಾಮ್ರ ಹಸಿರುಗಟ್ಟಿ ಎರಡು ಮೂರು ಎಳೆಗಳ ಮೇಲೆ ನಿಂತಿತ್ತು.

ಆಗ ಭಾವನವರಿಗೆ ನೆನಪಾಯಿತು. ಆಗಸ್ಟಿನ ಜಡಿಮಳೆಯಲ್ಲಿ ಅಕ್ಕನಿಗೆ ಜ್ವರ ಬಂದು ಮೂರು ವಾರ ಕಾರು ಶೆಡ್ಡಿನಿಂದ ಹೊರಬಂದಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಭತ್ತದ ಚೀಲಗಳಿದ್ದವು.

ಕೆಟ್ಟ ತುಂಡನ್ನು ಕತ್ತರಿಸಿ, ಅದೇ ದಪ್ಪದ ಹೊಸ ತಂತಿ ಸೇರಿಸಿ, ಬೆಸುಗೆ ಹಾಕಿ, ಮೇಲೆ ಕೊಳವೆ ತೊಡಿಸಿ ಭದ್ರಮಾಡಲು ಒಂದು ಗಂಟೆ ಹಿಡಿಯಿತು. ಅನಂತರ ಎಣ್ಣೆ ಇಳಿಸುವ ಬಿರಡೆಯನ್ನು ಬಿಚ್ಚಿದಾಗ ಮೂವರೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದೆವು. ಆ ಬಿರಡೆಯ ತುದಿಯಲ್ಲೊಂದು ಅಯಸ್ಕಾಂತವಿರುತ್ತದೆ. ಅದಕ್ಕೆ ಲೋಹದ ಚೂರುಗಳು ಅಂಟಿದ್ದರೆ ಒಳಗೆ ಒಡೆದಿದೆ ಎಂದರ್ಥ. ಅಂಟಿದ್ದದ್ದು ಕಾಡಿಗೆಯಂತಹ ನುಣ್ಣನೆಯ ಬೂದು ಲೇಪ ಮಾತ್ರ. ಅದು ವಯೋಸಹಜವಾದ ಸವೆತ. ಭಾವನವರು ಆ ಲೇಪವನ್ನು ಬೆರಳಿನಿಂದ ಉಜ್ಜಿ ನೋಡಿ, ಏನೂ ಹೇಳದೆ, ಹೋಗಿ ಬೆಂಚಿನ ಮೇಲೆ ಕುಳಿತರು.

ಹೊರಬಂದದ್ದು ಸುಮಾರು ಮೂರು ಲೀಟರು. ಒಳಗಿನ ಎಣ್ಣೆಯೆಲ್ಲ ಒಮ್ಮೆಲೇ ಇಳಿಯುವುದಿಲ್ಲ. ಅರ್ಧಕ್ಕೂ ಹೆಚ್ಚು ಕನ್ವರ್ಟರಿನಲ್ಲಿಯೂ ಕೊಳವೆಗಳಲ್ಲಿಯೂ ಉಳಿಯುತ್ತದೆ. ಯಂತ್ರದ ಒತ್ತಡದಿಂದ ಒಮ್ಮೆಲೇ ತೊಳೆದುಬಿಡುವ ಪದ್ಧತಿಯೂ ಇದೆ. ಮೇಸ್ತ್ರಿ ಅದಕ್ಕೆ ಒಪ್ಪಲಿಲ್ಲ. "ಇಷ್ಟು ವರ್ಷದ ಕೊಳೆ ಒಂದೇ ಸಲ ಎದ್ದರೆ ಸಣ್ಣ ದಾರಿಗಳು ಕಟ್ಟಿಕೊಳ್ಳುತ್ತವೆ. ಇಳಿಸಿದಷ್ಟನ್ನು ತುಂಬೋಣ. ಐನೂರು ಕಿಲೋಮೀಟರಿಗೆ ಒಂದು ಸಲ, ಆಮೇಲೆ ಇನ್ನೊಂದು ಸಲ" ಎಂದ. ಕಾರಿನ ಪುಸ್ತಕದಲ್ಲಿ ಬರೆದ ಜಾತಿಯ ಎಣ್ಣೆಯನ್ನೇ ತುಂಬಿ, ಜಿನುಗುತ್ತಿದ್ದ ಕೊಳವೆಯನ್ನೂ ಬದಲಿಸಿದ. ಎಣ್ಣೆಯನ್ನೂ ಸೇರಿಸಿ ಖರ್ಚು ಒಂಬತ್ತು ಸಾವಿರವನ್ನು ಮೀರಲಿಲ್ಲ.

ದಿಣ್ಣೆಯ ಮೇಲೆ ಪರೀಕ್ಷೆ

ಮಾರನೆಯ ದಿನ ಬಿಸಿಲೆಯ ಕಡೆಯ ದಾರಿಯಲ್ಲಿ ಮಂಕನಹಳ್ಳಿಯವರೆಗೆ ಪರೀಕ್ಷಾರ್ಥ ಪ್ರಯಾಣ ಮಾಡಿದೆವು. ಅಲ್ಲಿ ನೀರು ಇಬ್ಭಾಗವಾಗುವ ದಿಣ್ಣೆಯನ್ನು ಗುರುತಿಸುವ ಒಂದು ಕಲ್ಲಿದೆ. ಅದರ ಒಂದು ಪಕ್ಕಕ್ಕೆ ಬಿದ್ದ ಮಳೆ ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ. ಇನ್ನೊಂದು ಪಕ್ಕದ್ದು ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರಕ್ಕೆ. ಆ ದಾರಿಯ ಪ್ರತಿಯೊಂದು ಏರೂ ನಮಗೆ ಪರೀಕ್ಷೆಯ ಪ್ರಶ್ನೆಯಂತಿತ್ತು. ಎಂಜಿನ್ ಬರಿದೆ ಅರಚಲಿಲ್ಲ. ಗುಂಡಿಗಳಲ್ಲಿ ಬೇಕೆಂದೇ ಇಳಿಸಿದರೂ ದೀಪ ಮಿಣುಕಲಿಲ್ಲ. ಒದೆತವಂತೂ ಇಲ್ಲವೇ ಇಲ್ಲ. ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಕಾರು ಚೆನ್ನಾಗಿ ಬಿಸಿಯಾದ ಮೇಲೆ ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ ಒಂದು ಸಣ್ಣ ತಟ್ಟುವಿಕೆ ಉಳಿದಿದೆ. ಎಣ್ಣೆ ತಗ್ಗಿದ ತಿಂಗಳುಗಳಲ್ಲಿ ಆ ಬಿಲ್ಲೆಗಳು ತುಸು ಸವೆದಿರಬೇಕು. ಅದನ್ನು ಎಣ್ಣೆ ಗುಣಪಡಿಸಲಾರದು. ಇನ್ನಷ್ಟು ಸವೆಯದಂತೆ ತಡೆಯಬಲ್ಲದು, ಅಷ್ಟೇ.

ಹಿಂದಿರುಗುವಾಗ ನಾವು ಭಾವನವರ ಚಾಲನೆಯ ಕ್ರಮವನ್ನೂ ಗಮನಿಸಿ ಮೂರು ಮಾತು ವಿನಯದಿಂದ ಅರಿಕೆ ಮಾಡಿಕೊಂಡೆವು. ಬೆಟ್ಟದ ದಾರಿಯಲ್ಲಿ ಇಂತಹ ಕಾರು ಓಡಿಸುವವರೆಲ್ಲರಿಗೂ ಅವು ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ. ಏರಿನಲ್ಲಿ ಎದುರಿನ ವಾಹನಕ್ಕೆ ದಾರಿ ಬಿಡಲು ನಿಂತಾಗ ಆಕ್ಸಿಲರೇಟರನ್ನು ಅರ್ಧ ತುಳಿದು ಕಾರನ್ನು ಹಿಡಿದಿಡಬಾರದು, ಬ್ರೇಕಿನಿಂದಲೇ ಹಿಡಿಯಬೇಕು. ಇಲ್ಲವಾದರೆ ಆ ಶಕ್ತಿಯೆಲ್ಲ ಎಣ್ಣೆಯನ್ನು ಕುದಿಸುವುದಕ್ಕೆ ಹೋಗುತ್ತದೆ. ಉದ್ದನೆಯ ಏರಿನಲ್ಲಿಯೂ ಇಳುಕಲಿನಲ್ಲಿಯೂ ಕೋಲನ್ನು 'ಡಿ'ಯಲ್ಲಿಯೇ ಬಿಡದೆ, ವೇಗ ತಗ್ಗಿಸಿಕೊಂಡು, '2'ಕ್ಕೆ ಅಥವಾ 'ಎಲ್'ಗೆ ತರಬೇಕು. ಇದರಿಂದ ಏರಿನಲ್ಲಿ ಗೇರು ಮೇಲೆ ಕೆಳಗೆ ತಡಕಾಡುವುದು ತಪ್ಪುತ್ತದೆ. ಇಳುಕಲಿನಲ್ಲಿ ಎಂಜಿನ್ನೇ ಕಾರನ್ನು ಹಿಡಿಯುವುದರಿಂದ ಬ್ರೇಕು ಕಾಯುವುದಿಲ್ಲ. ಮೂರನೆಯದು, ಹಿಂದಕ್ಕೆ ಚಲಿಸುತ್ತಿರುವ ಕಾರು ಪೂರ್ತಿ ನಿಂತ ಮೇಲೆಯೇ 'ಡಿ'ಗೆ ಹಾಕಬೇಕು. ಭಾವನವರು ಮೂರನ್ನೂ ಕೇಳಿ, "ಇಪ್ಪತ್ತು ವರ್ಷದಿಂದ ಮೂರೂ ತಪ್ಪು ಮಾಡಿದ್ದೀನಿ ಅನ್ನು" ಎಂದು ನಕ್ಕರು.

ಮಗನಿಗೆ ಫೋನು ಮಾಡಿ ವಿಷಯ ತಿಳಿಸಿದವರು ಅಕ್ಕ. ಆತ ಕಾರು ಮಾರುವ ಮಾತನ್ನು ಕೈಬಿಟ್ಟ. ಆದರೆ ಸಂಜೆ ಐದರ ನಂತರ ಓಡಿಸಕೂಡದೆಂದು ಅಪ್ಪನಿಂದ ಮಾತು ತೆಗೆದುಕೊಂಡ. ಆನೆಗಳ ಸೀಮೆಯಲ್ಲಿ ಅದು ನ್ಯಾಯವಾದ ಮಾತೇ. ಶೆಡ್ಡಿನಿಂದ ಭತ್ತದ ಚೀಲಗಳು ಅಟ್ಟಕ್ಕೆ ಏರಿದವು. ಮಳೆಗಾಲದಲ್ಲಿ ವಾರಕ್ಕೆರಡು ಬಾರಿಯಾದರೂ ಕಾರನ್ನು ಹೊರಗೆ ತೆಗೆದು ಬಾನೆಟ್ ಎತ್ತಿ ನೋಡುವುದೆಂದು ನಿಶ್ಚಯವಾಯಿತು.

ಈ ಕಡೆಗೆ ಹೋಗಬಯಸುವವರು ಮಳೆಗಾಲವನ್ನು ಬಿಟ್ಟು ನವೆಂಬರಿನಿಂದ ಮಾರ್ಚಿನೊಳಗೆ ಹೋಗುವುದು ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ಕಣಗಳ ತುಂಬ ಕೆಂಪು ಕಾಫಿ ಹಣ್ಣು. ಮಾರ್ಚಿನ ಹೂಮಳೆ ಬಿದ್ದರೆ ತೋಟವೆಲ್ಲ ಮಲ್ಲಿಗೆಯಂತೆ ಬಿಳಿ. ಸಕಲೇಶಪುರದಲ್ಲಿಯೇ ಪೆಟ್ರೋಲು ತುಂಬಿಸಿಕೊಳ್ಳಬೇಕು, ಬೆಳಕಿರುವಾಗಲೇ ಹಿಂದಿರುಗಬೇಕು, ಹೊರಡುವ ಮುನ್ನ ಗೇರಿನ ಎಣ್ಣೆಯನ್ನೊಮ್ಮೆ ನೋಡಿಸಿಕೊಳ್ಳಬೇಕು.

ನಾವು ಹೊರಟ ದಿನ ಬೆಳಿಗ್ಗೆ ಭಾವನವರು ತೋಟದ ಲೆಕ್ಕದ ಪುಸ್ತಕವನ್ನು ತೆರೆದುಕೊಂಡು ಕುಳಿತಿದ್ದರು. ಕೂಲಿಯ ಲೆಕ್ಕ, ಗೊಬ್ಬರದ ಲೆಕ್ಕಗಳ ನಂತರ ಹೊಸದೊಂದು ಪುಟ. ಮೇಲೆ 'ಕಾರು' ಎಂದು ಬರೆದು, ಕೆಳಗೆ ಎಣ್ಣೆ ತುಂಬಿದ ತಾರೀಖು, ಮೀಟರಿನ ಅಂಕಿ, ಮುಂದಿನ ಸಲ ಎಷ್ಟು ಕಿಲೋಮೀಟರಿಗೆ ಎಂಬುದನ್ನು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಅದರ ಕೆಳಗೆ ಇನ್ನೂ ನಾಲ್ಕು ಸಾಲುಗಳನ್ನು ಎಳೆದು ಖಾಲಿ ಬಿಟ್ಟಿದ್ದರು. ಪುಸ್ತಕ ಮುಚ್ಚಿ, ಕೋಲೂರಿ ಎದ್ದು, ನಮ್ಮನ್ನು ಬಸ್ಸಿಗೆ ಬಿಡಲು ಕಾರಿನ ಕೀಲಿಕೈ ತೆಗೆದುಕೊಂಡರು.